ಹಿಮ ಬಿದ್ದ ಮೇಲೆ ಕಯೋಟಿ ಹಿಡಿಯೋದು ಹೇಗೆ? ಗೊತ್ತಿದ್ದವರು ಹೇಳಿ

ಪ್ರಶ್ನೆ, ಪಶ್ಚಿಮ ಮಿನೆಸೋಟದಿಂದ:

ನಮ್ಮಲ್ಲಿ ಹದಿನಾಲ್ಕು ಆಡುಗಳಿವೆ. ಕ್ರಿಸ್‌ಮಸ್ ಆದಮೇಲೆ ಕಯೋಟಿ ಮೂರು ಮರಿ ಹೊತ್ತೊಯ್ದಿದೆ. (ಊರಲ್ಲಿ ಅಮ್ಮ ಕೇಳಿದ್ದಕ್ಕೆ "ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು" ಅಂತ ಹೇಳಿದ್ದೇನೆ.) ಅಕ್ಟೋಬರಿನಲ್ಲಿ ಪಕ್ಕದ ಜಮೀನಿನ ಅಜ್ಜ ಹೇಳಿಕೊಟ್ಟ ಹಾಗೆ ಕಾಲು ಹಿಡಿಯುವ ಟ್ರ್ಯಾಪ್ ಇಟ್ಟು ಒಂದನ್ನು ಹಿಡಿದಿದ್ದೆ. ಈಗ ಒಂದೂವರೆ ಅಡಿ ಹಿಮ. ನಿನ್ನೆ ಬೆಳಿಗ್ಗೆ ಹೋದರೆ ಹೆಜ್ಜೆ ಸರಿಯಾಗಿ ಟ್ರ್ಯಾಪಿನ ಮೇಲೇ ಬಿದ್ದಿದೆ, ಟ್ರ್ಯಾಪ್ ಮಾತ್ರ ಕದಲಿಲ್ಲ. ಎಲ್ಲಿ ತಪ್ಪಿದೆ? ಅಜ್ಜ ಚಳಿಗೆ ಹೆದರಿ ಅರಿಝೋನಾಕ್ಕೆ ಹೋಗಿದ್ದಾರೆ, ಫೋನ್ ಎತ್ತಲ್ಲ.

ನಾರ್ತ್ ಡಕೋಟಾದಿಂದ:

ಟ್ರ್ಯಾಪ್ ಕೆಟ್ಟಿಲ್ಲ ಸರ್, ಹೆಪ್ಪುಗಟ್ಟಿದೆ. ಕಿತ್ತು ನೋಡಿ. ನಡುವೆ ಕಾಲು ಬೀಳುವ ತಟ್ಟೆ ಇದೆಯಲ್ಲ, ಅದರ ಅಡಿಯಲ್ಲಿ ಬಿಲ್ಲೆ ಹಾಗೆ ಮಂಜುಗಡ್ಡೆ ಸಿಗುತ್ತದೆ. ಒಂದೇ ಸಮ ಕೊರೆಯುವ ಚಳಿ ಇದ್ದರೆ ಇಷ್ಟು ಕಾಟ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಒಂಚೂರು ಕರಗಿ, ರಾತ್ರಿ ಮತ್ತೆ ಗಟ್ಟಿಯಾಗುವ ದಿನಗಳೇ ಕೈ ಕೊಡೋದು. ನಾನು ಹನ್ನೊಂದು ಚಳಿಗಾಲ ಟ್ರ್ಯಾಪ್ ಇಟ್ಟಿದ್ದೇನೆ. ಮೊದಲ ಮೂರು ಇದರಲ್ಲೇ ಹೋದವು.

ಟ್ರ್ಯಾಪಿನ ಸುತ್ತ ನೀರು ಹಿಡಿಯದ ಮಣ್ಣು ಇರಬೇಕು. ಮೇಲೆ ಮಾತ್ರ ಅಲ್ಲ, ಕೆಳಗೂ. ಇಲ್ಲಿಯವರು ಮೇಣದ ಮಣ್ಣು ಮಾಡಿಟ್ಟುಕೊಳ್ಳುತ್ತಾರೆ. ಒಣ ಮಣ್ಣನ್ನು ಜರಡಿ ಹಿಡಿದು, ಪ್ಯಾರಫಿನ್ ಮೇಣದ ಚೂರು ಬೆರೆಸಿ, ಬೇಸಿಗೆಯಲ್ಲಿ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದರೆ ಬಿಸಿಲೇ ಕರಗಿಸುತ್ತದೆ. ಆಗಾಗ ಕೈಯಾಡಿಸುತ್ತಿರಬೇಕು. ಹದ ನೋಡೋದು ಸುಲಭ. ಒಂದು ಹಿಡಿ ಮಣ್ಣಿನ ಮೇಲೆ ನೀರು ಚಿಮುಕಿಸಿ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಹನಿ ಉರುಳಿ ಹೋದರೆ ಆಯ್ತು. ನಾನು ಒಂದು ವರ್ಷ ಮರೆತು, ಜನವರಿಯಲ್ಲಿ ಅಡುಗೆಮನೆ ಓವನ್‌ನಲ್ಲಿ ಮಾಡಿದೆ. ಎರಡು ವಾರ ಏನು ಬೇಯಿಸಿದರೂ ಮೇಣದಬತ್ತಿ ವಾಸನೆ. ಉರಿ ತಾಗಿದರೆ ಮೇಣ ಹೊತ್ತಿಕೊಳ್ಳುತ್ತದೆ, ಆ ಸಾಹಸ ನೀವು ಮಾಡಬೇಡಿ. ಈ ಸಲಕ್ಕೆ ರೆಡಿಮೇಡ್ ಬಕೆಟ್ ತಂದುಬಿಡಿ. ಒಣ ಪೀಟ್ ಮಾಸ್ (ಕುಂಡಕ್ಕೆ ಹಾಕುವ ಪಾಚಿ ಪುಡಿ) ಕೂಡ ನಡೆಯುತ್ತದೆ, ಆದರೆ ಹಗುರ, ಗಾಳಿಗೆ ಹಾರುತ್ತದೆ.

ಕೆಲವರು ಉಪ್ಪು ಹಾಕಿ ಅನ್ನುತ್ತಾರೆ. ಮೈನಸ್ 21 ಡಿಗ್ರಿ ಸೆಲ್ಸಿಯಸ್ ಕೆಳಗೆ ಉಪ್ಪುನೀರೂ ಹೆಪ್ಪುಗಟ್ಟುತ್ತದೆ, ನಿಮ್ಮ ಕಡೆ ಅದೇನು ಅಪರೂಪವಲ್ಲ. ಮೇಲಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಅಂತೂ ಮುಟ್ಟಲೇಬೇಡಿ. ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸತ್ತೇ ಹೋಗುತ್ತದೆ.

ಕುಳಿಯನ್ನು ಟ್ರ್ಯಾಪಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಾಗಿ ತೆಗೆಯಿರಿ. ಅಂಚನ್ನು ಬೆರಳಲ್ಲಿ ಗಟ್ಟಿಯಾಗಿ ಒತ್ತಿ, ಟ್ರ್ಯಾಪ್ ಅಲ್ಲಾಡಬಾರದು. ಕಾಲಡಿ ಒಂಚೂರು ಕದಲಿದರೂ ಕಯೋಟಿ ಅಗೆದು ಹೊರಗೆ ಹಾಕಿ ಹೋಗುತ್ತದೆ, ಬೇಕಂತಲೇ ಮಾಡಿದ ಹಾಗೆ. ಜಾಗವನ್ನೂ ಬದಲಿಸಿ. ಬಯಲಲ್ಲಿ ಹಿಮದ ಮೇಲ್ಪದರ ಚಕ್ಕೆಗಟ್ಟಿ ಭಾರ ಹೊತ್ತುಕೊಳ್ಳುತ್ತದೆ, ತಟ್ಟೆ ಒತ್ತಲ್ಲ. ಗಾಳಿಗೆ ಹಿಮ ನಿಲ್ಲದ ದಿಬ್ಬದ ನೆತ್ತಿ, ಸೀಡರ್ ಮರದ ಬುಡ, ಹುಲ್ಲಿನ ದೊಡ್ಡ ಉರುಳೆಗಳ ಮಗ್ಗುಲು ಹುಡುಕಿ.

ವಾಸನೆ ಬಗ್ಗೆ ಒಂದು ಮಾತು. ಚಳಿಯಲ್ಲಿ ಮಾಂಸದ ವಾಸನೆ ಹರಡಲ್ಲ. ಸ್ಕಂಕ್ (ನಾರುವ ದ್ರವ ಚಿಮ್ಮಿಸುವ ಪ್ರಾಣಿ) ವಾಸನೆ ಬೆರೆತ ಗಾಢ ಆಮಿಷ ತನ್ನಿ. ಫೆಬ್ರವರಿ ಹೊತ್ತಿಗೆ ಕಯೋಟಿಗಳು ಜೋಡಿಯಾಗುವ ಕಾಲ, ಆಗ ಬೇರೆ ಕಯೋಟಿಯ ಮೂತ್ರ ಸಾಕು, ಹೊಟ್ಟೆಕಿಚ್ಚಿಗೇ ಬರುತ್ತವೆ.

ಕೆನಡಾದ ಸಸ್ಕಾಚೆವಾನ್‌ನಿಂದ:

ನಾನು ಜನವರಿ ಬಂದರೆ ಕಾಲಿನ ಟ್ರ್ಯಾಪ್ ಎತ್ತಿಟ್ಟು ಕೇಬಲ್ ಉರುಳಿಗೆ ಬರುತ್ತೇನೆ. ಹೆಪ್ಪುಗಟ್ಟುವ ತಟ್ಟೆಯೇ ಇಲ್ಲ. ಆಳ ಹಿಮದಲ್ಲಿ ಕಯೋಟಿಗಳು ಶಕ್ತಿ ಉಳಿಸಿಕೊಳ್ಳಲು ಒಂದರ ಹಿಂದೆ ಒಂದು, ಅದೇ ಹೆಜ್ಜೆಗುಳಿಯಲ್ಲಿ ಕಾಲಿಟ್ಟು ಹೋಗುತ್ತವೆ. ನಾಲ್ಕು ಹೋಗಿದ್ದರೂ ಒಂದೇ ಹೋದ ಹಾಗೆ ಕಾಣುತ್ತದೆ. ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಜಾಡು ಇದ್ದರೆ ಅದರ ಮೇಲೇ ನಡೆಯುತ್ತವೆ. ಆ ದಾರಿ ಕಿರಿದಾಗುವ ಕಡೆ ಉರುಳು ಇಡಿ. ಬಾಯಿ ಸುಮಾರು 10 ಇಂಚು, ಕೆಳ ಅಂಚು ಗಟ್ಟಿ ಹಿಮದಿಂದ 9-10 ಇಂಚು ಮೇಲೆ. ನಿಮ್ಮ ಮಿನೆಸೋಟದಲ್ಲಿ ಉರುಳಿನ ಮೇಲಂಚು ಅದರ ಕೆಳಗಿನ ನೆಲ ಅಥವಾ ಹಿಮದಿಂದ 20 ಇಂಚು ಮೀರಬಾರದು ಅಂತ ನಿಯಮ ಇದೆ, ಈ ವರ್ಷದ ನಿಯಮ ಪುಸ್ತಕ ಒಮ್ಮೆ ತೆಗೆದು ಓದಿಬಿಡಿ.

ಆರು ಇಂಚು ಹೊಸ ಹಿಮ ಬಿತ್ತು ಅಂದರೆ ಕುತ್ತಿಗೆಗಿದ್ದ ಉರುಳು ಕಾಲಿಗೆ ಬಂತು. ಪ್ರತಿ ಸಲ ಹೋಗಿ ಎತ್ತರ ಸರಿ ಮಾಡಲು ಆಗದಿದ್ದರೆ ಇಡಲೇಬೇಡಿ. ಜಿಂಕೆ ದಾರಿಯಲ್ಲೂ ಬೇಡ. ನಮ್ಮ ಮಲೆನಾಡಲ್ಲಿ ಹಂದಿಗೆ ಇಟ್ಟ ಉರುಳಿಗೆ ಚಿರತೆ ಬಿದ್ದು ನರಳುವ ಸುದ್ದಿ ಓದಿರುತ್ತೀರಲ್ಲ. (ಊರಿಗೆ ಹೋದಾಗ ಈ ವಿದ್ಯೆ ತೋರಿಸಲು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ.)

ವಿಸ್ಕಾನ್ಸಿನ್‌ನಿಂದ:

ಬೇರೆ ತುಪ್ಪಳದ ಪ್ರಾಣಿ ಬಗ್ಗೆ ಯಾರಾದರೂ ಕೇಳುತ್ತಾರೆ ಅಂತ ಈಗಲೇ ಹೇಳುತ್ತೇನೆ. ಇಂಥ ಚಳಿಗೆ ರಕೂನ್, ಸ್ಕಂಕ್ ಪೊಟರೆಯಲ್ಲೋ ಬಿಲದಲ್ಲೋ ಮಲಗಿರುತ್ತವೆ, ಸುಮ್ನೆ ಕಾಯಬೇಡಿ. ಎರ್ಮಿನ್ (ಮುಂಗುಸಿಯಂಥ ಪುಟ್ಟ ಪ್ರಾಣಿ) ಮಾತ್ರ ಹಿಮದಲ್ಲೂ ಚುರುಕು. ಮರದ ಪೆಟ್ಟಿಗೆ, ಒಳಗೆ ಹೆಗ್ಗಣ ಹೊಡೆಯುವ ಸ್ಪ್ರಿಂಗ್ ಟ್ರ್ಯಾಪ್, ಒಂದು ತುಂಡು ಈಲಿ (ಯಕೃತ್ತು), ಅಷ್ಟೇ. ಮೈಯೆಲ್ಲ ಬಿಳಿ, ಬಾಲದ ತುದಿ ಮಾತ್ರ ಕಾಡಿಗೆ ಅದ್ದಿದ ಹಾಗೆ. ಚರ್ಮ ಮಾರಿ ಖರ್ಚು ತೆಗೆಯುವ ಆಸೆ ಇಟ್ಟುಕೊಳ್ಳಬೇಡಿ. ಜಾಕೆಟ್ ಟೋಪಿಯ ಅಂಚಿಗೆ ಕಯೋಟಿ ತುಪ್ಪಳ ಹಾಕುತ್ತಿದ್ದ ಕೆನಡಾ ಗೂಸ್ ಕಂಪನಿ 2021ರಲ್ಲೇ ತುಪ್ಪಳ ನಿಲ್ಲಿಸುತ್ತೇವೆ ಅಂತ ಹೇಳಿತು. ಹಳೆಯ ಬೆಲೆ ಈಗಿಲ್ಲ.

ಮೊಂಟಾನಾದಿಂದ:

ಅಣ್ಣಂದಿರು ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ನೂರಿಪ್ಪತ್ತು ಕುರಿ. ಮರಿ ಹೋದಮೇಲೆ ಟ್ರ್ಯಾಪ್ ಹುಡುಕೋದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ರಾತ್ರಿ ಆಡುಗಳನ್ನು ಕೊಟ್ಟಿಗೆಗೆ ಸೇರಿಸಿ. ಸತ್ತ ಮರಿ, ಮಾಸು ಹೊರಗೆ ಎಸೆಯಬೇಡಿ, ಅದೇ ಅವಕ್ಕೆ ರುಚಿ ಹತ್ತಿಸೋದು. ವಿದ್ಯುತ್ ಬೇಲಿ ಇದ್ದರೆ ಅದನ್ನೇ ನಂಬಿ ಕೂರಬೇಡಿ. ಒಣ ಹಿಮದ ಮೇಲೆ ನಿಂತ ಪ್ರಾಣಿಗೆ ನೆಲ ತಾಗಲ್ಲ, ಶಾಕ್ ಹೊಡೆಯಲ್ಲ. ಒಂದು ತಂತಿ ಬಿಟ್ಟು ಒಂದಕ್ಕೆ ಅರ್ಥಿಂಗ್ ಕೊಡಿಸಿದ ಮೇಲೆಯೇ ನಮ್ಮದು ಕೆಲಸ ಮಾಡಿದ್ದು. ಹಿಂಡು ಕಾಯುವ ಎರಡು ಗ್ರೇಟ್ ಪಿರನೀಸ್ ನಾಯಿ ತಂದೆವು, ಆಮೇಲೆ ಟ್ರ್ಯಾಪ್ ಮುಟ್ಟಲಿಲ್ಲ.

ಇಟ್ಟೇ ಇಡುತ್ತೀರಾದರೆ ದಿನಾ ಬೆಳಿಗ್ಗೆ ಬೆಳಕಾಗುತ್ತಲೇ ನೋಡಿ. ಮೈನಸ್ 30ರಲ್ಲಿ ಸಿಕ್ಕಿಬಿದ್ದ ಕಾಲಿಗೆ ರಕ್ತ ಓಡಲ್ಲ, ಅದು ಮರಗಟ್ಟಿ ಹೋಗುತ್ತದೆ. ಅಂಥ ರಾತ್ರಿ ಮುನ್ಸೂಚನೆ ಇದ್ದರೆ ಟ್ರ್ಯಾಪಿನ ಬಾಯಿ ಮುಚ್ಚಿಟ್ಟು ಬನ್ನಿ. ಕಜ್ಜಿ ಹಿಡಿದ ಕಯೋಟಿ ಜಾಸ್ತಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ನಿಮ್ಮದೇ ನಾಯಿ ಸಿಕ್ಕಿಬಿದ್ದರೆ ಟ್ರ್ಯಾಪಿನ ಎರಡೂ ಬದಿಯ ಲಿವರ್ (ಒತ್ತುವ ಪಟ್ಟಿ) ಮೇಲೆ ಒಂದೊಂದು ಕಾಲಿಟ್ಟು ನಿಲ್ಲಿ, ಟ್ರ್ಯಾಪಿನ ಬಾಯಿ ತೆರೆದುಕೊಳ್ಳುತ್ತದೆ. ಮನೆಯವರಿಗೆಲ್ಲ ಇದನ್ನು ಮೊದಲೇ ಕಲಿಸಿಡಿ.

ಪ್ರಶ್ನೆ ಕೇಳಿದವರು, ಆರು ದಿನದ ಮೇಲೆ:

ಟ್ರ್ಯಾಪ್ ಕಿತ್ತೆ. ತಟ್ಟೆಯ ಅಡಿಯಲ್ಲಿ ಮಂಜುಗಡ್ಡೆ, ಥೇಟ್ ಇಡ್ಲಿ ಹಾಗೆ ಇತ್ತು. ಮೇಣದ ಮಣ್ಣು ತಂದು ಹುಲ್ಲಿನ ಉರುಳೆ ಪಕ್ಕ ಹೊಸದಾಗಿ ಇಟ್ಟೆ. ಆಡುಗಳು ರಾತ್ರಿ ಗ್ಯಾರೇಜಿನಲ್ಲಿ, ಕಾರು ಹೊರಗೆ. ಹೆಂಡತಿ ದಿನಾ ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆಯುತ್ತಾ ನನ್ನನ್ನು ನೋಡುತ್ತಾಳೆ. ನಾಲ್ಕನೇ ದಿನ ಒಂದು ದೊಡ್ಡ ಗಂಡು ಸಿಕ್ಕಿತು. ನಿನ್ನೆ ಇನ್ನೊಂದರ ಹೆಜ್ಜೆ ಟ್ರ್ಯಾಪಿನಿಂದ ಒಂದು ಗೇಣು ದೂರ ಬಂದು, ನಿಂತು, ಹಾಗೇ ವಾಪಸ್ ತಿರುಗಿದೆ. ಪಿರನೀಸ್ ಮರಿ ಎಷ್ಟಕ್ಕೆ ಸಿಗುತ್ತದೆ, ಮೊಂಟಾನಾ ಮೇಡಂ?