ಪದ ಬೇಕಿದೆ: ಕಾದ ವಸ್ತು ಬೆಳಗುವುದಕ್ಕೆ ಏನನ್ನೋಣ?

ಗೆಳೆಯರೇ, ಜಯನಗರದ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೋರ್ಡು ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಮೇಜಿನ ಮೇಲೆ ಹಳೇ ಟಂಗ್‌ಸ್ಟನ್ ಬಲ್ಬು, ಅದಕ್ಕೊಂದು ಡಿಮ್ಮರ್. ತಿರುಗಿಸುತ್ತ ಹೋದರೆ ತಂತಿ ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಕಣ್ಣು ಕುಕ್ಕುವ ಹಳದಿ-ಬಿಳಿ. ಬರೀ ಕಾವಿನಿಂದ ಹುಟ್ಟುವ ಈ ಬೆಳಕಿಗೆ ಪದ ಬೇಕು. 'ಉರಿ' ಬೇಡ. ಬಲ್ಬು ಉರೀತಿದೆ ಅಂತ ಎಲ್ಲರೂ ಅಂದರೂ ತಂತಿ ಉರಿಯುವುದಿಲ್ಲ. ಉರಿದುಹೋಗದಿರಲೆಂದೇ ಗಾಜಿನೊಳಗಿನ ಗಾಳಿ ತೆಗೆದು ಆರ್ಗಾನ್ ತುಂಬುವುದು.

---

ತಾಪದೀಪ್ತಿ. ಟ್ಯೂಬ್‌ಲೈಟಿನದು ಪ್ರತಿದೀಪ್ತಿ, ಇದು ತಾಪದೀಪ್ತಿ. ಚರ್ಚೆಗೇನಿದೆ?

---

ಬೇಕಾದಷ್ಟಿದೆ ಸ್ವಾಮಿ. ಎರಡು ತುಂಡೂ ಸಂಸ್ಕೃತದ್ದು. ಕುಲುಮೆಯವನು 'ತಾಪದೀಪ್ತವಾಯಿತು' ಅಂತಾನೆಯೇ? 'ಕೆಂಪಗೆ ಕಾದಿದೆ, ಹೊಡಿ' ಅಂತಾನೆ. ಕಣ್ಣು ಕೆಂಗಣ್ಣಾದ ಹಾಗೆ ಕಾವು ಕೆಂಗಾವು. ಮುಗೀತು.

---

ಮುಗಿಯಲಿಲ್ಲ. ಕೆಂಪು ಬರೀ ಮೊದಲ ಮೆಟ್ಟಿಲು. ಗಟ್ಟಿ ವಸ್ತು ಯಾವುದೇ ಇರಲಿ, ಸುಮಾರು 525 ಡಿಗ್ರಿ ಸೆಲ್ಸಿಯಸ್‌ಗೆ ಕತ್ತಲಲ್ಲಿ ಮಂಕಾಗಿ ಕೆಂಪು ಕಾಣತೊಡಗುತ್ತದೆ. ಡ್ರೇಪರ್ ಎಂಬ ವಿಜ್ಞಾನಿ 1847ರಲ್ಲೇ ಇದನ್ನು ಹೇಳಿದ್ದ. ಬಲ್ಬಿನ ತಂತಿ 2,500 ಡಿಗ್ರಿಯ ಆಸುಪಾಸು. ಕಾವೇರಿದಷ್ಟೂ ಒಳಗಿನ ಎಲೆಕ್ಟ್ರಾನು, ಪರಮಾಣುಗಳ ಕುಣಿತ ಜೋರಾಗುತ್ತದೆ, ಅವು ಹೊಮ್ಮಿಸುವ ಅಲೆಗಳು ಗಿಡ್ಡವಾಗುತ್ತವೆ. ಕೆಂಪಿಗೂ ಮುಂಚೆ ಬರುವುದು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್): ಕಾದ ಇಸ್ತ್ರಿಪೆಟ್ಟಿಗೆಯ ಪಕ್ಕ ಕೈ ಹಿಡಿದರೆ ಮುಟ್ಟದೆಯೇ ಬಿಸಿ ತಟ್ಟುತ್ತದಲ್ಲ, ಅದು. (ಸಂಸ್ಕೃತದ 'ಅವ'ಕ್ಕೆ ಕನ್ನಡದ ಕೆಂಪು ಗಂಟುಹಾಕಿದ ಈ ಮಿಶ್ರತಳಿಗೆ ಇಲ್ಲಿ ಯಾರೂ ತಕರಾರು ತೆಗೆದದ್ದು ನಾನು ನೋಡಿಲ್ಲ.)

ಪದದ ಬೇರು 'ಬೆಳ್' ಆಗಬೇಕು. ಬೆಳಕು, ಬೆಳಗು, ಬೆಳ್ಳಿ ಎಲ್ಲ ಅದರ ಮಕ್ಕಳೇ. ಇದಕ್ಕೆ ಇಂಗ್ಲಿಷಿನವರ ಪದ 'ಇನ್‌ಕ್ಯಾಂಡೆಸೆನ್ಸ್', ಅದಕ್ಕೂ ಲ್ಯಾಟಿನ್ನಿನ ಬಿಳುಪೇ ಬೇರು. ಬಿಳಿ ಕೊಡೆಗೆ ಬೆಳ್ಗೊಡೆ ಇದ್ದಂತೆ ಬೆಳ್ಗಾವು.

---

ಬೆಳ್ಗಾವು ಅಂತ ಬೋರ್ಡು ಹಾಕಿ. ಹುಬ್ಬಳ್ಳಿ ಮೇಲೆ ಹೋಗುತ್ತಾ ಅಂತ ಕೇಳ್ತಾರೆ.

---

ನಗಾಡಿ ಪರವಾಗಿಲ್ಲ. ಬಲ್ಬು, ಡಿಮ್ಮರ್, ಫ್ಲೆಕ್ಸ್ ಎಲ್ಲ ಬಾಯಿಗೆ ಬಂದಾಗ ನಿಮಗ್ಯಾರಿಗೂ ನೋವಾಗಲಿಲ್ಲ. ಕನ್ನಡದ್ದೇ ಎರಡು ತುಂಡು ಕೂಡಿಸಿದರೆ ನಗು. ಸಂಸ್ಕೃತದ್ದಾದರೆ ಗಂಭೀರ, ಇಂಗ್ಲಿಷಿನದಾದರೆ ಸಲೀಸು, ನಮ್ಮದಾದರೆ ತಮಾಷೆ.

---

ಟಂಗ್‌ಸ್ಟನ್ ಸ್ವೀಡನ್ನಿನ ಮಾತು, 'ಭಾರದ ಕಲ್ಲು' ಅಂತ ಅರ್ಥ. ನಾಳೆಯಿಂದ ಹೊರೆಗಲ್ಲು ಬಲ್ಬು ಅನ್ನೋಣವೇ? ಬಂದ ಪದ ಬಂದ ಹಾಗೇ ಇರಲಿ, ಮಾರಾಯ್ರೇ.

---

ಹೊರೆಗಲ್ಲು ಚೆನ್ನಾಗಿದೆ. ಥ್ಯಾಂಕ್ಸ್.

---

ಪ್ರಶ್ನೆ ಕೇಳಿದವನು ನಾನು, ನೆನಪಿದೆಯೇ? ಕೊನೆಗೆ ದೊಡ್ಡಕ್ಷರದಲ್ಲಿ 'ಕಾವಿನ ಬೆಳಕು' ಅಂತ ಬರೆಸಿ, ಕೆಳಗೆ ಸಣ್ಣದಾಗಿ 'ತಾಪದೀಪ್ತಿ' ಹಾಕಿಸಿದೆ. ಪಕ್ಕದಲ್ಲೊಂದು ಮೇಣದಬತ್ತಿಯ ಚಿತ್ರ; ಅದರ ಹಳದಿಯೂ ಕಾದ ಮಸಿಕಣಗಳದ್ದೇ ಅಂತ ವಿವರಣೆ. ಡಿಟಿಪಿ ಹುಡುಗ ಪ್ರೂಫ್ ನೋಡಿ, "ಸಾರ್, ದೀಪ್ತಿ ಮೇಡಂ ಫೋಟೋ ಕೊಡಲೇ ಇಲ್ಲ" ಅಂದ.

---

ಕಾವಿನ ಬೆಳಕು ಪದವಲ್ಲ, ಪದಪುಂಜ.