1971ರ ಜಾವಾ: ಹೊಸ ಬಣ್ಣ ಹೊಡೆಸಬೇಕೋ, ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೋ?

ಕೆಲಗೇರಿ ಸವಾರ, ಧಾರವಾಡ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1971ರಲ್ಲಿ ತಯಾರಾದ 250 ಸಿಸಿಯ ಜಾವಾ ಗಾಡಿಯೊಂದು ನನ್ನ ಬಳಿ ಇದೆ. ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ನೌಕರಿಗೆ ಸೇರಿದ ವರ್ಷ, ಅಂದರೆ 1984ರಲ್ಲಿ, ಹುಬ್ಬಳ್ಳಿಯ ದುರ್ಗದಬೈಲಿನ ವ್ಯಾಪಾರಸ್ಥರೊಬ್ಬರಿಂದ ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಗದಗ, ಹಾವೇರಿ, ರಾಣೆಬೆನ್ನೂರಿನ ದವಾಖಾನೆಗಳನ್ನೆಲ್ಲ ಅದರ ಮೇಲೆಯೇ ಸುತ್ತಿದವನು ನಾನು. 2003ರಿಂದ ಅದು ಹಿತ್ತಲಿನ ಪತ್ರಾಸಿನ ಚಪ್ಪರದಡಿ ನಿಂತಿದೆ. ನಮ್ಮ ಊರಿನ ಜಿಟಿಜಿಟಿ ಮಳೆ ನಿಮಗೆಲ್ಲ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ವಸ್ತು ಎಂಬುದೇ ಇಲ್ಲಿರುವುದಿಲ್ಲ.

ಈಗಿನ ಸ್ಥಿತಿ ಹೀಗಿದೆ. ಎಂಜಿನ್ ಜಾಮ್ ಆಗಿದ್ದು, ಕಿಕ್ ಕೆಳಗೆ ಇಳಿಯುತ್ತಿಲ್ಲ. ಟಾಕಿಯ ಒಳಗೆ ತುಕ್ಕು ಹಿಡಿದಿದೆ. ಬಲಗಡೆಯ ಸೈಲೆನ್ಸರಿನ ತಳ ತೂತಾಗಿದೆ. ಆದರೆ ಮೇಲಿನ ಕೆಂಗಂದು ಬಣ್ಣ ಕಾರ್ಖಾನೆಯದ್ದೇ. ಮಾಸಿದ್ದರೂ ಎಲ್ಲಿಯೂ ಎರಡನೆಯ ಕೈ ಬಿದ್ದಿಲ್ಲ, ಬಂಗಾರದ ಗೆರೆಗಳೂ ಅರ್ಧದಷ್ಟು ಉಳಿದಿವೆ. ಟಾಕಿಯ ಮೇಲೆ ನನ್ನ ಸ್ಯಾಂಪಲ್ ಚೀಲವನ್ನು ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ ಅದರ ಹಿತ್ತಾಳೆಯ ಬಕಲ್ ವರ್ಷಗಟ್ಟಲೆ ತಿಕ್ಕಿ ತಿಕ್ಕಿ, ಮೊದಲು ಕೆಂಪು, ಅದರೊಳಗೆ ಬೂದು ಬಣ್ಣದ ಪ್ರೈಮರ್, ನಟ್ಟನಡುವೆ ಹೆಬ್ಬೆರಳಿನ ಉಗುರಿನಷ್ಟು ಬರಿಯ ಕಬ್ಬಿಣ ಕಾಣುತ್ತದೆ.

ಗ್ಯಾರೇಜಿನವರೊಬ್ಬರು ನೋಡಿ, "ಸಾಹೇಬ್ರ, ಷೋರೂಮಿನಿಂದ ಈಗ ಹೊರಗ ಬಂದಂಗ ಮಾಡಿ ಕೊಡ್ತೀನ್ರಿ" ಎಂದರು. ಪುಣೆಯಲ್ಲಿರುವ ಮಗನಿಗೂ ಅದೇ ಆಸೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಒಪ್ಪದಿರುವುದಕ್ಕೆ ಸರಿಯಾದ ಕಾರಣವಿದೆಯೋ ಅಥವಾ ಇದು ಬರಿಯ ಮುದುಕನ ಹಠವೋ ತಿಳಿಯದಾಗಿದೆ. ಆರ್‌ಸಿಯ ಅವಧಿಯೂ 2006ಕ್ಕೇ ಮುಗಿದಿದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಟೂ ಸ್ಟ್ರೋಕ್ ಗದಗ

ಸರ್, ಮೊದಲನೆಯದಾಗಿ, ಆ ಕಿಕ್ಕಿನ ಮೇಲೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಜಾವಾದಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್ ಆಗಿರುವುದರಿಂದ, ಜಾಮ್ ಆದ ಎಂಜಿನ್ನಿನ ಮೇಲೆ ಬಲ ಹಾಕಿದರೆ ಒಂದರ ಜೊತೆ ಇನ್ನೊಂದೂ ಕೆಡುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲನ್ನೋ ತೆಳುವಾದ ಎಣ್ಣೆಯನ್ನೋ ಹಾಕಿ ಒಂದು ವಾರ ಬಿಡಿ.

ಬಣ್ಣದ ಪ್ರಶ್ನೆಯನ್ನು ಎಂಜಿನ್ನಿನ ಪ್ರಶ್ನೆಯೊಂದಿಗೆ ಬೆರೆಸಬೇಡಿ ಎಂಬುದು ನನ್ನ ಮುಖ್ಯ ಮಾತು. ಎಂಜಿನ್ ಬಿಚ್ಚಲೇಬೇಕು, ಅದರಲ್ಲಿ ಆಯ್ಕೆಯೇ ಇಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣವು ಸಿಲಿಂಡರಿಗೆ ಹೋಗುವ ಮೊದಲು ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಇರುವ ಕೋಣೆಯೊಳಗೆ ಬಂದು ಒತ್ತಡಕ್ಕೆ ಸಿಕ್ಕುವುದರಿಂದ, ಆ ಕೋಣೆಯಿಂದ ಗಾಳಿ ಸೋರಬಾರದು. ಇಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ. ಕ್ಲಚ್ ಬದಿಯ ಸೀಲು ಹೋಗಿದ್ದರೆ ಗೇರ್ ಎಣ್ಣೆಯನ್ನು ಎಳೆದುಕೊಂಡು ಓಣಿ ತುಂಬ ಬಿಳಿ ಹೊಗೆ ಬಿಡುತ್ತದೆ. ಇದಾದರೂ ಕಣ್ಣಿಗೆ ಕಾಣುತ್ತದೆ. ಡೈನಮೋ ಬದಿಯದು ಹೋಗಿದ್ದರೆ ಗಾಳಿಯನ್ನು ಎಳೆದುಕೊಂಡು ಮಿಶ್ರಣ ತೆಳುವಾಗಿ, ಕಾದು, ನಡುದಾರಿಯಲ್ಲಿ ಪಿಸ್ಟನ್ ಹಿಡಿಯುತ್ತದೆ. ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗಿಗೆ ತುಕ್ಕು ತಗುಲಿದೆಯೇ ಎಂಬುದನ್ನೂ ಆಗಲೇ ನೋಡಿಸಿ. ಬ್ರೇಕ್ ಲೈನರ್, ಕೇಬಲ್, 16 ಇಂಚಿನ ಎರಡೂ ಟಯರು, ಪೆಟ್ರೋಲ್ ಪೈಪು, ಇವೆಲ್ಲ ಹೊಸದೇ ಬೇಕು. ಪೈಪು ಎಥನಾಲ್ ತಡೆಯುವ ಜಾತಿಯದಾಗಿರಲಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಮೆತ್ತಗಾಗುತ್ತದೆ, ಟಾಕಿಯೂ ತೇವ ಎಳೆದುಕೊಳ್ಳುತ್ತದೆ.

ಸವೆದು ಬದಲಾಗಲೆಂದೇ ಮಾಡಿದ ಭಾಗಗಳನ್ನು ಬದಲಾಯಿಸಿದರೆ ಗಾಡಿಯ ಹಳೆಯತನಕ್ಕೆ ಏನೂ ಕುಂದಿಲ್ಲ.

ಹಾವೇರಿ ರೋಡ್‌ಕಿಂಗ್

ನನ್ನ ಯೆಜ್ಡಿಗೆ ಆದದ್ದನ್ನು ಹೇಳುತ್ತೇನೆ. ಅದನ್ನು ಪೂರ್ತಿ ಹೊಸದಾಗಿಸಲು ಗ್ಯಾರೇಜೊಂದಕ್ಕೆ ಕೊಟ್ಟಿದ್ದೆ. ಎಂಟು ತಿಂಗಳ ನಂತರ ಕನ್ನಡಿಯಂತೆ ಹೊಳೆಯುವ ಗಾಡಿ ಕೈಗೆ ಬಂತು. ಅಂದು ಬಹಳ ಸಂತೋಷಪಟ್ಟೆ. ಮನೆಗೆ ತಂದು ನಿಧಾನವಾಗಿ ನೋಡಿದಾಗ, ಹಿಂದಿನ ಮಡ್‌ಗಾರ್ಡ್ ನನ್ನದಲ್ಲ ಎಂಬುದು ಗೊತ್ತಾಯಿತು. ಬೆರಳಿನಿಂದ ಬಡಿದರೆ ಡಬ್ಬಿಯ ಸದ್ದು ಬರುತ್ತಿತ್ತು. ಹಳೆಯ ದಪ್ಪ ತಗಡಿನದು ಎಲ್ಲಿಗೆ ಹೋಯಿತೋ, ಕೇಳಿದರೆ ಉತ್ತರವಿಲ್ಲ. ಕ್ರೋಮ್ ಹಾಕುವ ಮೊದಲು ವಿಪರೀತ ತಿಕ್ಕಿದ್ದರಿಂದ ಅಂಚುಗಳೆಲ್ಲ ದುಂಡಗಾಗಿವೆ. ಕೈಯಿಂದ ಎಳೆದ ಗೆರೆಗಳ ಜಾಗದಲ್ಲಿ ಸ್ಟಿಕರ್ ಅಂಟಿಸಿದ್ದಾರೆ. ನಿಮ್ಮ ಬಕಲಿನ ಗುರುತಿನ ಬಗ್ಗೆ ಓದಿದಾಗ ಹೊಟ್ಟೆ ಚುರುಕ್ ಎಂದಿತು.

ಹಾಗೆಂದು ತುಕ್ಕನ್ನೇ ನೆನಪು ಎಂದು ಪೂಜಿಸುವವರ ಗುಂಪಿಗೂ ನಾನು ಸೇರಿದವನಲ್ಲ. ತೂತು ಬಿದ್ದ ಸೈಲೆನ್ಸರು ಸ್ಮಾರಕವಲ್ಲ, ಬದಲಾಯಿಸಿ. ಹಳೆಯದನ್ನು ಮಾತ್ರ ಗುಜರಿಗೆ ಹಾಕದೆ ಮನೆಯಲ್ಲಿ ಇಟ್ಟುಕೊಳ್ಳಿ. ಮೇಲಿನ ಬಣ್ಣವನ್ನು ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮೇಣ ಹಚ್ಚಿ. ರಬ್ಬಿಂಗ್ ಕಾಂಪೌಂಡ್ ಬೇಡ. ಐವತ್ತು ವರ್ಷದ ಬಣ್ಣ ತೆಳುವಾಗಿರುತ್ತದೆ, ಅದನ್ನು ತಿಕ್ಕಿದರೆ ಬಂಗಾರದ ಗೆರೆಗಳು ಮೊದಲು ಹೋಗುತ್ತವೆ. ಕ್ರೋಮಿನ ಮೇಲಿನ ಚುಕ್ಕೆ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ಸಾಕು. ಗ್ಯಾರೇಜಿಗೆ ಕೊಡುವ ಮುನ್ನ ಪ್ರತಿಯೊಂದು ಭಾಗದ ಫೋಟೊ ತೆಗೆದಿಟ್ಟುಕೊಳ್ಳಿ.

ನವನಗರ, ಹುಬ್ಬಳ್ಳಿ

ಕಾಗದಪತ್ರದ ಬಗ್ಗೆ ಎರಡು ಮಾತು. 50 ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಹೊಸದಾಗಿ ಪಡೆಯುವ ಸಂಖ್ಯೆಗೆ ವಿಎ ಎಂಬ ಅಕ್ಷರಗಳಿರುತ್ತವೆ, ಶುಲ್ಕ 20,000 ರೂಪಾಯಿ. ಈಗಾಗಲೇ ನೋಂದಣಿಯಾದ ಗಾಡಿಗೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮಾರ್ಪಾಡು ಆಗಿರಬಾರದು ಎಂಬ ಷರತ್ತು ಇರುವುದರಿಂದ, ನಿಮ್ಮ ಹಠಕ್ಕೆ ಕಾನೂನಿನ ಬೆಂಬಲವೂ ಇದ್ದಂತಾಯಿತು. ಆದರೆ ಆ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವುಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನವೂ ಸಪ್ತಾಪುರಕ್ಕೆ ಚಹಾ ಕುಡಿಯಲು ಹೋಗುವ ವಿಚಾರವಿದ್ದರೆ ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು. ಎರಡಕ್ಕೂ ಚಾಸಿ ಸಂಖ್ಯೆ ಸ್ಪಷ್ಟವಾಗಿ ಓದುವಂತಿರಬೇಕು. ಸ್ಯಾಂಡ್ ಬ್ಲಾಸ್ಟಿಂಗ್ (ಮರಳು ಊದಿ ಹಳೆಯ ಬಣ್ಣ ತೆಗೆಯುವುದು) ಮಾಡಿಸಿ ಮೇಲೆ ದಪ್ಪ ಬಣ್ಣ ಹೊಡೆದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಕೆಲಗೇರಿ ಸವಾರ, ಧಾರವಾಡ

ಮೂವರಿಗೂ ಧನ್ಯವಾದ. ಡೀಸೆಲ್ ಹಾಕಿ ಇಂದಿಗೆ ಒಂಬತ್ತು ದಿನ. ನಿನ್ನೆ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದಲೇ ಮೆಲ್ಲಗೆ ಹಿಂದೆಮುಂದೆ ಮಾಡಿದಾಗ ಪಿಸ್ಟನ್ ಅರ್ಧ ಇಂಚಿನಷ್ಟು ಸರಿಯಿತು. ಎಂಜಿನ್, ಬ್ರೇಕು, ಟಯರುಗಳ ಕೆಲಸಕ್ಕಷ್ಟೇ ಗ್ಯಾರೇಜಿನವರೊಂದಿಗೆ ಮಾತಾಡಿದ್ದೇನೆ. ಟಾಕಿಯನ್ನೂ ಮಡ್‌ಗಾರ್ಡುಗಳನ್ನೂ ನಾನೇ ಬಿಚ್ಚಿ ಮನೆಯಲ್ಲಿಟ್ಟುಕೊಂಡು, ಉಳಿದದ್ದನ್ನು ಮಾತ್ರ ಕಳಿಸುತ್ತೇನೆ. ಮಗನಿಗೂ ಹೇಳಿದೆ, "ಹಂಗಾರ ಸೀಟರೆ ಹೊಸಾದು ಹಾಕಿಸು, ಅಪ್ಪಾ" ಎಂದ, ಅದಕ್ಕೆ ಒಪ್ಪಿದ್ದೇನೆ. ಆರ್‌ಸಿಯನ್ನು ಸಾಮಾನ್ಯ ರೀತಿಯಲ್ಲಿಯೇ ನವೀಕರಿಸುವ ವಿಚಾರವಿದೆ.

ಒಂದು ಕೋರಿಕೆ ಉಳಿದಿದೆ. ಇದರ ಜಿಕೋವ್ ಕಾರ್ಬ್ಯುರೇಟರಿನ ಫ್ಲೋಟ್, ಅಂದರೆ ಪೆಟ್ರೋಲಿನಲ್ಲಿ ತೇಲುವ ಪೊಳ್ಳು ಬುರುಡೆ, ತೂತಾಗಿ ಒಳಗೆ ಪೆಟ್ರೋಲ್ ತುಂಬಿಕೊಂಡಿದೆ. ಯಾರ ಬಳಿಯಾದರೂ ಹಳೆಯದೊಂದು ಇದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.