ಜೆಂಟೂ ಬಿನ್‌ಹೋಸ್ಟ್: ಲ್ಯಾಬಿನ ಹಳೇ ಐ5ಗಳೊಳಗ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’

ಗುಮ್ಮಟ64 (ವಿಜಯಪುರ)
ಕಾಲೇಜ್ ಲ್ಯಾಬ್. ಜೆಂಟೂ (ಪ್ರೋಗ್ರಾಮ್ ಸೋರ್ಸ್‌ನಿಂದ ಕಂಪೈಲ್ ಮಾಡಿಕೊಳ್ಳೋ ಲಿನಕ್ಸ್) ಹಾಕಿದ 20 ಮಷಿನ್, ಎಲ್ಲಾ 3ನೇ ಜನರೇಶನ್ ಐ5. ಪ್ಯಾಕೇಜ್ ಕಟ್ಟೋದು ಒಂದು ರೈಜೆನ್ 7, 16 ಥ್ರೆಡ್, 16 ಜಿಬಿ ರ‍್ಯಾಮ್. ‘ಬಿಲ್ಡ್‌ಪಿಕೆಜಿ’ (ಕಟ್ಟಿದ್ದನ್ನ ಬೈನರಿ ಪ್ಯಾಕೇಜ್ ಮಾಡಿ ಇಡೋ ಸೆಟ್ಟಿಂಗ್) ಹಾಕಿ ಎಂಜಿನ್‌ಎಕ್ಸ್ ವೆಬ್ ಸರ್ವರ್ ಮ್ಯಾಲಿಂದ ಹಂಚೋದು, ಇದ ನಮ್ಮ ಬಿನ್‌ಹೋಸ್ಟ್. ಬೈನರಿ ಇಳಿದು ಇನ್‌ಸ್ಟಾಲ್ ಆಗ್ತಾವ, ಓಡಿಸಿದ್ರ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ (ಸಿಪಿಯುಗೆ ಗೊತ್ತಿಲ್ಲದ ಆದೇಶ). ‘ಗೆಟ್‌ಬಿನ್‌ಪಿಕೆಜಿ’ (ಸರ್ವರ್‌ನಿಂದ ಬೈನರಿ ತರೋ ಸೆಟ್ಟಿಂಗ್) ಇದ್ರೂ ಕೆಲವು ಸೋರ್ಸ್‌ನಿಂದನ ಕಂಪೈಲ್ ಆಗ್ತಾವ. ಮುಂದ ಈ ಬಿನ್‌ಹೋಸ್ಟ್‌ನ್ನ ಹೊರಗಿನವರಿಗೂ ತೆರೀಬಹುದೇನ್ರಿ?

ಕುಂದಾ_ರೂಟ್ (ಬೆಳಗಾವಿ)
ರೈಜೆನ್‌ನ ಸಿ-ಫ್ಲ್ಯಾಗ್ಸ್‌ನಾಗ (ಕಂಪೈಲರ್‌ಗೆ ಕೊಡೋ ಸೂಚನೆ) ‘ಮಾರ್ಚ್=ನೇಟಿವ್’ (ಕಟ್ಟೋ ಮಷಿನ್‌ನ ಸಿಪಿಯುಗಷ್ಟ ಹೊಂದುವಂಗ ಕಟ್ಟು) ಐತಿ ಅನಸ್ತೈತಿ. 3ನೇ ಜನರೇಶನ್‌ನಾಗ ಎವಿಎಕ್ಸ್ (ಸಿಪಿಯುನ ಒಂದು ಆದೇಶಗಳ ಗುಂಪು) ಐತಿ, ಎವಿಎಕ್ಸ್2 ಇಲ್ಲ. ಅಂದ್ರ ಎವಿಎಕ್ಸ್2 ಬೇಡೋ ಎಕ್ಸ್86-64-ವಿ3 ಮಟ್ಟಕ್ಕ ಕಟ್ಟಿದ್ರೂ ಸಾಯ್ತಾವ. ‘ಮಾರ್ಚ್=ಎಕ್ಸ್86-64-ವಿ2’, ‘ಎಂಟ್ಯೂನ್=ಜೆನೆರಿಕ್’ ಹಾಕ್ರಿ. ಸಿಪಿಯು ಫ್ಲ್ಯಾಗ್ಸ್‌ನ್ನ (ಸಿಪಿಯುಗೆ ಯಾವ ಆದೇಶ ಬರ್ತಾವ ಅನ್ನೋ ಪಟ್ಟಿ) ಐ5 ಮ್ಯಾಲ ‘ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್’ ಓಡಿಸಿ ತಂದು ರೈಜೆನ್‌ನಾಗ ಹಾಕ್ರಿ. ರಸ್ಟ್ ಭಾಷೆಯ ಕಂಪೈಲರ್‌ನ ರಸ್ಟ್-ಫ್ಲ್ಯಾಗ್ಸ್‌ನಾಗೂ ‘ನೇಟಿವ್’ ಅಡಗಿರತೈತಿ, ಅದನ್ನ ಮರೆಯೋರ ಭಾಳ.

ಸಿ-ಫ್ಲ್ಯಾಗ್ಸ್ ಬದಲಾದದ್ದು ಪೋರ್ಟೇಜ್‌ಗೆ (ಜೆಂಟೂದ ಪ್ಯಾಕೇಜ್ ಮ್ಯಾನೇಜರ್) ತಿಳಿಯಂಗಿಲ್ಲ. ಹಳೇ ಬೈನರಿ ಅಳಿಸಿ ‘ಎಮರ್ಜ್ -ಇ @ವರ್ಲ್ಡ್’ (ಎಲ್ಲಾ ಮತ್ತ ಕಟ್ಟೋ ಆದೇಶ) ಕೊಡಬೇಕು. ಒಂದು ಜಾಬ್‌ಗೆ 2 ಜಿಬಿ ಹಿಡದ್ರ, 16 ಜಿಬಿಗೆ ‘-ಜೆ8’ (ಒಮ್ಮೆಗೆ 8 ಜಾಬ್) ಸಾಕು. ನಿಮ್ಮೂರಿನ ಬ್ಯಾಸಿಗಿಯೊಳಗ ರಾತ್ರಿ ಹಚ್ಚೋದು ಛಲೋ. ಮೊದಲು ಒಂದ ಮಷಿನ್ ಮ್ಯಾಲ ಪರೀಕ್ಷಾ ಮಾಡ್ರಿ: ತಪ್ಪು ಗ್ಲಿಬ್‌ಸಿ (ಪ್ರೋಗ್ರಾಮ್‌ಗಳು ನಂಬಿರೋ ಮೂಲ ಲೈಬ್ರರಿ) ಕೂತ್ರ ಫೈಲ್ ಪಟ್ಟಿ ತೋರಸೋ ‘ಎಲ್‌ಎಸ್’ ಸೈತ ಓಡಂಗಿಲ್ಲ. ಆವಾಗ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಹೊಸದಾಗಿ ಕಟ್ಟಿದ ಗ್ಲಿಬ್‌ಸಿ ಪ್ಯಾಕೇಜ್‌ನ್ನ ಡಿಸ್ಕಿನ ಮ್ಯಾಲ ಬಿಚ್ಚಬೇಕಾಗತೈತಿ.

ಗುಮ್ಮಟ64
ವಿ2 ಕಟ್ಟಿದ ಮ್ಯಾಲ ಎಲ್ಲಾ ಓಡ್ತಾವ. ಆದ್ರ ಲಿಬ್ರೆಆಫೀಸ್ ಇನ್ನೂ ‘ಇಬಿಲ್ಡ್’ (ಸೋರ್ಸ್‌ನಿಂದ ಕಟ್ಟೋದು) ಅಂತನ ತೋರಸ್ತದ, ‘ಬೈನರಿ’ ಅಲ್ಲ.

ಕುಂದಾ_ರೂಟ್
ಯೂಸ್ ಫ್ಲ್ಯಾಗ್ (ಪ್ಯಾಕೇಜ್‌ನಾಗ ಯಾವ ಸೌಲಭ್ಯ ಬೇಕು ಅನ್ನೋ ಆಯ್ಕೆ) ಎರಡೂ ಕಡೆ ಹೊಂದೂದಿಲ್ಲ. ಕ್ಲೈಂಟ್‌ನಾಗ (ಲ್ಯಾಬಿನ ಐ5) ‘ಎಮರ್ಜ್ -ಪಿವಿಜಿ’ (ಇನ್‌ಸ್ಟಾಲ್ ಮಾಡದ ಬರೇ ತೋರಸೋ ಆದೇಶ) ಕೊಟ್ಟು ಬಂದ ಸಾಲನ್ನ ಸರ್ವರ್‌ನ ಸಾಲಿಗೆ ಹಚ್ಚಿ ನೋಡ್ರಿ. ಭಾಳ ಸಲ ‘ಪೈಥಾನ್ ಟಾರ್ಗೆಟ್ಸ್’ (ಯಾವ ಪೈಥಾನ್ ಆವೃತ್ತಿಗೆ ಕಟ್ಟಬೇಕು ಅನ್ನೋದು) ಒಂದ ಸಾಕು ಕೆಡಸಾಕ. ಪೋರ್ಟೇಜ್ ಸೆಟ್ಟಿಂಗ್ ಫೋಲ್ಡರ್ ಗಿಟ್‌ನಾಗಿಟ್ಟು ಎಲ್ಲಾ ಕಡೆ ಒಂದ ಪ್ರತಿ ಬಳಸ್ರಿ. ಎರಡನೇ ಕಾರಣ ಸಿಂಕ್ (ಪ್ಯಾಕೇಜ್ ಪಟ್ಟಿ, ಅಂದ್ರ ‘ಟ್ರೀ’, ಹೊಸದು ಮಾಡಿಕೊಳ್ಳೋದು): ಕ್ಲೈಂಟ್ ಇವತ್ತು ಸಿಂಕ್ ಆಗಿ ಸರ್ವರ್ ಹೋದ ವಾರ ಆಗಿದ್ರ, ಹೊಸ ಆವೃತ್ತಿಗೆ ಬೈನರಿ ಎಲ್ಲಿಂದ ಬರಬೇಕು? ಕ್ಲೈಂಟ್‌ಗಳು ಆ ಟ್ರೀ ಸರ್ವರ್‌ನಿಂದನ ಆರ್‌ಸಿಂಕ್ ಮಾಡ್ಲಿ. ಬೈನರಿ ಫೈಲ್ ಕೈಯಾರೆ ಕಾಪಿ ಮಾಡಿದ್ರ ಸರ್ವರ್‌ನ ಇಂಡೆಕ್ಸ್‌ನಾಗ ಸೇರಂಗಿಲ್ಲ, ‘ಎಮೇಂಟ್ ಬಿನ್‌ಹೋಸ್ಟ್ --ಫಿಕ್ಸ್’ ಕೊಡ್ರಿ.

ಇಳಕಲ್_ಶೆಲ್ (ಬಾಗಲಕೋಟೆ)
ಹೊರಗಿನವರಿಗೆ ತೆರೆಯೋ ವಿಚಾರ ಬಿಡ್ರಿ. 2023ರ ಡಿಸೆಂಬರ್‌ನಿಂದ ಜೆಂಟೂದವರ ಎಎಮ್‌ಡಿ64 (ಇಂಟೆಲ್ 64-ಬಿಟ್‌ಗೂ ಇದ), ಆರ್ಮ್64ಗೆ ಬೈನರಿ ಕೊಡಾಕತ್ಯಾರ, ಶುರುವಿಗೇ 20 ಜಿಬಿ ಮೀರಿತ್ತು. ನಿಮ್ಮ ಐ5ಗೆ ಅವರ ಸಾದಾ ಎಕ್ಸ್86-64 ನಡೀತೈತಿ, ವಿ3 ಅಲ್ಲ. ಯೂಸ್ ಬದಲು ಮಾಡಿದ್ದನ್ನಷ್ಟ ನೀವು ಕಟ್ರಿ, ‘ಬಿನ್‌ರೆಪೋಸ್.ಕಾನ್ಫ್’ನಾಗ (ಬೈನರಿ ಎಲ್ಲಿಂದ ತರಬೇಕು ಅನ್ನೋ ಫೈಲ್) ನಿಮ್ಮ ಸರ್ವರ್‌ಗೆ ಹೆಚ್ಚಿನ ಪ್ರಯಾರಿಟಿ ಇರಲಿ.

ತೆರೆಯೋದ ಆದ್ರ ‘ಜಿಪಿಕೆಜಿ’ ಫಾರ್ಮ್ಯಾಟ್ ಮತ್ತ ‘ಬಿನ್‌ಪಿಕೆಜಿ-ಸೈನಿಂಗ್’ (ಬೈನರಿಗೆ ಡಿಜಿಟಲ್ ಸಹಿ ಹಾಕೋ ಸೆಟ್ಟಿಂಗ್) ಬೇಕು, ಹಳೇ ‘ಎಕ್ಸ್‌ಪಾಕ್’ ಫಾರ್ಮ್ಯಾಟ್‌ನಾಗ ಸಹಿ ಹಾಕಾಕ ಬರಂಗಿಲ್ಲ. ಮರುಹಂಚಿಕೆಗೆ ಲೈಸೆನ್ಸ್ ಒಪ್ಪದ ಪ್ಯಾಕೇಜ್ ಹೊರಗ ಹೋಗಬಾರದು, ಅದಕ್ಕ ‘ಅಕ್ಸೆಪ್ಟ್ ರೆಸ್ಟ್ರಿಕ್ಟ್’ನಾಗ ‘-ಬಿನ್‌ಡಿಸ್ಟ್’ ಹಾಕಬೇಕು. ಡಿಸ್ಕ್ ತುಂಬಿದ್ರ ‘ಇಕ್ಲೀನ್-ಪಿಕೆಜಿ’ (ಹಳೇ ಬೈನರಿ ಅಳಿಸೋ ಆದೇಶ), ಆದ್ರ ಸರ್ವರ್‌ನ ಟ್ರೀ ಸಿಂಕ್ ಆದ ಮ್ಯಾಲನ ಕ್ಲೈಂಟ್‌ಗಳೂ ಆಗ್ಯಾವೋ ಇಲ್ಲೋ ನೋಡಿ ಓಡಸ್ರಿ, ಇಲ್ಲಾಂದ್ರ ಅವಕ್ಕ ಬೇಕಾದ ಹಳೇ ಬೈನರಿನ ಹೋಗಿರತೈತಿ.